ಹನ್ನೆರಡು ಗಂಟೆ ಡ್ಯೂಟಿ, ಹನ್ನೆರಡು ದಿನದ ಹಾಜರಿ: ಸೆಕ್ಯೂರಿಟಿ ಗಾರ್ಡ್ ಆಗಿದ್ದವನು ಕನಿಷ್ಠ ವೇತನಕ್ಕೆ ಕೇಸ್ ಹಾಕಿದ ಕಥೆ

ಕೇಸ್ ಮುಗೀತು ಅಂತ ಗೊತ್ತಾಗಿದ್ದೇ ತಡ, ಜೊತೇಲಿ ಕೆಲ್ಸ ಮಾಡ್ತಿದ್ದ ಹುಡುಗರು ಒಬ್ಬೊಬ್ರೇ ಫೋನ್ ಮಾಡಿ "ಅಣ್ಣ ಎಲ್ಲಿಗೆ ಹೋಗ್ಬೇಕು, ಏನೇನ್ ಪೇಪರ್ ಬೇಕು, ವಕೀಲ್ರಿಗೆ ಎಷ್ಟು ಕೊಡ್ಬೇಕು" ಅಂತ ಕೇಳ್ತಾನೇ ಇದಾರೆ, ಎಲ್ರಿಗೂ ಹೇಳಿದ್ದನ್ನೇ ಹೇಳಿ ಸಾಕಾಯ್ತು, ಅದಕ್ಕೆ ಒಂದ್ಸಲ ಪೂರ್ತಿ ಬರ್ದು ಹಾಕ್ಬಿಡೋಣ ಅಂತ ಕೂತಿದೀನಿ. ಉದ್ದ ಆಗುತ್ತೆ, ಸ್ವಲ್ಪ ಸಹಿಸ್ಕೊಳಿ.

ನಮ್ದು ಪಾವಗಡದ ಕಡೆ. ಮಳೆ ಇಲ್ಲ, ಬೆಳೆ ಇಲ್ಲ, ಬೆಂಗಳೂರಿಗೆ ಬಂದು ಒಂದು ಏಜೆನ್ಸಿ ಮೂಲಕ ದೊಡ್ಡ ಅಪಾರ್ಟ್‌ಮೆಂಟ್ ಒಂದ್ರಲ್ಲಿ ಗೇಟ್ ಡ್ಯೂಟಿಗೆ ಸೇರ್ಕೊಂಡೆ, 2022ರಲ್ಲಿ. ಏಜೆನ್ಸಿ ಹೆಸ್ರು, ಅಪಾರ್ಟ್‌ಮೆಂಟ್ ಹೆಸ್ರು ಹೇಳಲ್ಲ, ಬೇಡ ಬಿಡಿ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು, ಇಲ್ಲಾಂದ್ರೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ತಿಂಗಳಿಗೆ ಎರಡು ರಜ, ಅದೂ ರಿಲೀವರ್ ಸಿಕ್ಕಿದ್ರೆ. ಸಂಬಳ 15,000, ಅದ್ರಲ್ಲಿ ಅರ್ಧ ಬ್ಯಾಂಕಿಗೆ ಬೀಳೋದು, ಇನ್ನರ್ಧ ಸೂಪರ್‌ವೈಸರ್ ಕವರಲ್ಲಿ ತಂದು ಕೊಟ್ಟು ವೋಚರ್ ಮೇಲೆ ಸೈನ್ ಹಾಕಿಸ್ಕೊಂಡು ಹೋಗೋನು. ಯೂನಿಫಾರ್ಮ್ ದುಡ್ಡು ಅಂತ ಪ್ರತಿ ತಿಂಗಳು ಬೇರೆ ಹಿಡ್ಕೊಳೋರು. ಯಾಕೆ ಎರಡು ಭಾಗ ಅಂತ ಕೇಳಿದ್ರೆ "ಪಿಎಫ್ ಜಾಸ್ತಿ ಕಟ್ ಆಗ್ಬಾರ್ದು ಅಂತ ನಿಮ್ಮ ಒಳ್ಳೇದಕ್ಕೇ ಕಣಪ್ಪ" ಅನ್ನೋನು. ಕೈಗೆ ದುಡ್ಡು ಸಿಗ್ತಿತ್ತಲ್ಲ, ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ.

2024ರಲ್ಲಿ ನಂಗೆ ಕಾಮಾಲೆ ಆಯ್ತು. ಇಎಸ್‌ಐ (ಸಂಬಳದ ಮೇಲೆ ವಂತಿಗೆ ಕಟ್ಟೋ ಕಾರ್ಮಿಕರ ಸರ್ಕಾರಿ ವಿಮೆ) ಡಾಕ್ಟ್ರು ನೋಡಿ ರೆಸ್ಟ್ ತಗೋ ಅಂತ ಸರ್ಟಿಫಿಕೇಟ್ ಬರ್ಕೊಟ್ರು. ಇಎಸ್‌ಐ ಇದ್ದೋರಿಗೆ ಕಾಯಿಲೆ ರಜೆಗೂ ದಿನಗೂಲಿಯ ನೂರಕ್ಕೆ 70ರಷ್ಟು ದುಡ್ಡು ಬರುತ್ತೆ ಅಂತ ಪಕ್ಕದ ಬೆಡ್‌ನೋರು ಹೇಳಿದ್ರು, ಸುಸ್ತಾಗಿದ್ರೂ ಬ್ರಾಂಚ್ ಆಫೀಸಿಗೆ ಹೋದೆ. ಕೌಂಟರ್‌ನಲ್ಲಿದ್ದೋರು ನಂಬರ್ ಹಾಕಿ ನೋಡಿ, ಮಾನಿಟರ್‌ನ ನನ್ನ ಕಡೆ ತಿರುಗಿಸಿ "ಏನಪ್ಪ, ತಿಂಗಳಿಗೆ ಹನ್ನೆರಡೇ ದಿನ ಕೆಲ್ಸ ಮಾಡೋದಾ ನೀನು?" ಅಂದ್ರು. ಸ್ಕ್ರೀನ್ ಮೇಲೆ ತಿಂಗಳ ಹೆಸ್ರು, ಮುಂದೆ ದಿನ, ಮುಂದೆ ಸಂಬಳ. 12, 13, 12, 12. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ ಆಗಿರ್ಬೇಕಂತೆ, ನಂದು ಅಷ್ಟು ಆಗಿರ್ಲಿಲ್ಲ, ಒಂದು ಪೈಸೆ ಬರಲ್ಲ ಅಂದ್ರು. ಜ್ವರದಲ್ಲೂ ಡ್ಯೂಟಿ ಮಾಡಿದ ತಿಂಗಳುಗಳು ಅವು. ನಂಗೆ ಸಿಟ್ಟು ಬಂತೋ ಅಳು ಬಂತೋ ಗೊತ್ತಾಗ್ಲಿಲ್ಲ, ಹೊರಗಡೆ ಬಂದು ಮೆಟ್ಲ ಮೇಲೆ ಸುಮಾರು ಹೊತ್ತು ಕೂತಿದ್ದೆ.

ಆಮೇಲೆ ವಕೀಲ್ರು ಬಿಡಿಸಿ ಹೇಳಿದ್ಮೇಲೆ ಅರ್ಥ ಆಯ್ತು ಈ ಆಟ. ದಿನದ ಕನಿಷ್ಠ ಕೂಲಿ ಇಷ್ಟು ಅಂತ ಸರ್ಕಾರ ಹೇಳಿದೆ, ಬ್ಯಾಂಕಿಗೆ ಹಾಕೋ ಅರ್ಧ ಸಂಬಳನ ಆ ಕೂಲಿಯಿಂದ ಭಾಗಿಸಿದ್ರೆ ಎಷ್ಟು ದಿನ ಬರುತ್ತೋ ಅಷ್ಟೇ ದಿನ ಹಾಜರಿ ತೋರ್ಸೋದು. ಕಾಗದದ ಮೇಲೆ ಎಲ್ಲಾ ಕರೆಕ್ಟು, ಕನಿಷ್ಠ ವೇತನ ಕೊಟ್ಟಂಗೂ ಆಯ್ತು, ಪಿಎಫ್ ಇಎಸ್‌ಐ ಉಳೀತು. ನೀವು ಗಾರ್ಡ್ ಆಗಿದ್ರೆ ದಯವಿಟ್ಟು ಇವತ್ತೇ ಇಎಸ್‌ಐ ಪೋರ್ಟಲ್‌ನಲ್ಲಿ ನಿಮ್ಮ ನಂಬರ್ ಹಾಕಿ ಲಾಗಿನ್ ಆಗಿ ವಂತಿಗೆ ವಿವರ ನೋಡಿ, ಎಷ್ಟು ದಿನ ಅಂತ ತೋರ್ಸುತ್ತೆ. ಪಿಎಫ್ ಪಾಸ್‌ಬುಕ್ಕೂ ತೆಗ್ದು ನೋಡಿ. ಎರಡನ್ನೂ ಪ್ರಿಂಟ್ ತಗೊಳಿ. ಇದಕ್ಕೆ ಯಾರ್ ಪರ್ಮಿಷನ್ನೂ ಬೇಕಿಲ್ಲ.

ಇನ್ನೊಂದು ಲೆಕ್ಕ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸರ್ಕಾರದ ರೇಟು ಇರೋದು ಎಂಟು ಗಂಟೆ ಕೆಲ್ಸಕ್ಕೆ. ತಿಂಗಳ ರೇಟನ್ನ 26ರಿಂದ ಭಾಗಿಸಿದ್ರೆ ಒಂದು ದಿನದ್ದು, ವಾರದ ರಜೆ ಅದ್ರೊಳಗೇ ಸೇರಿರುತ್ತೆ. ಎಂಟು ಗಂಟೆ ಮೇಲೆ ಮಾಡಿದ್ದಕ್ಕೆ ಓಟಿ, ಅದು ಡಬಲ್ ರೇಟು. ಅಂದ್ರೆ 12 ಗಂಟೆ ಶಿಫ್ಟು ಅಂದ್ರೆ 8 ಗಂಟೆ, ಮೇಲೆ 4 ಗಂಟೆ ಡಬಲ್ ಅಂದ್ರೆ 8, ಒಟ್ಟು 16 ಗಂಟೆ ಕೂಲಿ. ಒಂದು 12 ಗಂಟೆ ಶಿಫ್ಟಿಗೆ ಎರಡು ದಿನದ ಸಂಬಳ ಬರ್ಬೇಕು ನೋಡಿ! 15,000 ಸಿಗ್ತಿದೆ, ಸರ್ಕಾರದ ರೇಟಿಗೆ ಹತ್ರ ಹತ್ರ ಇದೆಯಲ್ಲ ಅಂತ ನಾವೆಲ್ಲ ಸುಮ್ನಿದ್ವಿ, ಓಟಿ ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ರೇಟ್ ಎಷ್ಟು ಅಂತ ನೋಡ್ಬೇಕಾದ್ರೆ ಸೆಕ್ಯೂರಿಟಿ ಏಜೆನ್ಸಿ ಅಂತ ಪ್ರತ್ಯೇಕ ಪಟ್ಟಿನೇ ಇದೆ, ಕಾರ್ಮಿಕ ಇಲಾಖೆ ವೆಬ್‌ಸೈಟಲ್ಲಿ ಸಿಗುತ್ತೆ, ನಿಮ್ಮ ಊರು ಯಾವ ವಲಯ ಅಂತ ನೋಡ್ಕೊಳಿ, ಮೂಲ ವೇತನ ಮತ್ತು ತುಟ್ಟಿಭತ್ಯೆ ಎರಡೂ ಸೇರಿಸಿದ್ರೇನೇ ಕನಿಷ್ಠ ವೇತನ. ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತೆ, ಹಳೇ ವರ್ಷದ ಪಟ್ಟಿ ಹಿಡ್ಕೊಂಡು ಹೋಗ್ಬೇಡಿ. ಏಜೆನ್ಸಿ ಕಟ್ಟೋ ಅವರ ಪಾಲಿನ ಪಿಎಫ್ ಇದ್ರಲ್ಲಿ ಸೇರಲ್ಲ, ಯೂನಿಫಾರ್ಮ್ ಅಂತ ಹಿಡ್ಕೊಳಕ್ಕೂ ಅವಕಾಶ ಇಲ್ಲ.

ಹುಷಾರಾಗಿ ಡ್ಯೂಟಿಗೆ ಬಂದ್ಮೇಲೆ ಏಜೆನ್ಸಿ ಆಫೀಸಿಗೆ ಹೋಗಿ ಕೇಳ್ದೆ. ಅಲ್ಲಿ ಮ್ಯಾನೇಜರು "ಸೇರ್ಬೇಕಾದ್ರೆ ಹದಿನೈದು ಸಾವಿರಕ್ಕೆ ಒಪ್ಕೊಂಡು ಸೈನ್ ಹಾಕಿದ್ದಲ್ವೇನಪ್ಪ, ಈಗೇನು ಹೊಸ ರಾಗ" ಅಂದ. ಎರಡು ದಿನ ಬಿಟ್ಟು ಹೊಸಕೋಟೆ ಹತ್ರ ಯಾವುದೋ ಗೋಡೌನ್‌ಗೆ ಟ್ರಾನ್ಸ್‌ಫರ್, ಬಸ್ಸೂ ಸರಿಯಾಗಿ ಹೋಗಲ್ಲ ಅಲ್ಲಿಗೆ. ಅರ್ಥ ಆಯ್ತು. ಬಿಟ್ಟೆ. ಕೊನೇ ತಿಂಗಳ ಸಂಬಳನೂ ನುಂಗಿದ್ರು.

ಒಪ್ಕೊಂಡು ಸೈನ್ ಹಾಕಿದೀನಲ್ಲ ಅನ್ನೋ ಮಾತು ನನ್ನ ತಲೇಲಿ ಬಹಳ ದಿನ ಕೊರೀತಿತ್ತು. ಮೇಡಂ ಹತ್ರ (ವಕೀಲ್ರು, ಅವರ ಬಗ್ಗೆ ಮುಂದೆ ಬರುತ್ತೆ) ಮೊದಲು ಕೇಳಿದ್ದೇ ಇದು. 1948ರ ಕನಿಷ್ಠ ವೇತನ ಕಾಯ್ದೆಯ (ಆಗಿನ್ನೂ ಜಾರಿಯಲ್ಲಿತ್ತು, 2025ರ ನವೆಂಬರ್‌ನಲ್ಲಿ ರದ್ದಾಯ್ತು, ಮುಂದೆ ಹಳೇ ಕಾಯ್ದೆ ಅನ್ನೋದು ಇದನ್ನೇ) 25ನೇ ಕಲಂ ಓದಿ ತೋರ್ಸಿದ್ರು, ಕನಿಷ್ಠಕ್ಕಿಂತ ಕಮ್ಮಿಗೆ ದುಡೀತೀನಿ ಅಂತ ಕಾರ್ಮಿಕ ಏನೇ ಕರಾರು ಬರ್ಕೊಟ್ಟಿದ್ರೂ ಆ ಭಾಗ ಅಸಿಂಧು. 1982ರಲ್ಲಿ ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಕೇಸಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ವೇತನಕ್ಕಿಂತ ಕಮ್ಮಿ ಕೊಟ್ಟು ದುಡಿಸಿದ್ರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರೋ ಬಲವಂತದ ದುಡಿಮೆ ಅಂತಾನೇ ಹೇಳಿದೆಯಂತೆ. ಹಸಿವಿಗೆ ಒಪ್ಕೊಳೋದು ಒಪ್ಪಿಗೆ ಅಲ್ಲ ಅನ್ನೋದು ಅದ್ರ ಅರ್ಥ ಅಂತ ನಂಗನ್ಸಿದ್ದು.

ಸರಿ, ಪ್ರೊಸೆಸ್‌ಗೆ ಬರೋಣ. ಮೊದಲು ಕಾರ್ಮಿಕ ಸಹಾಯವಾಣಿ 155214ಕ್ಕೆ ಫೋನ್ ಮಾಡ್ದೆ. ಕೆಲ್ಸ ಮಾಡಿದ ಜಾಗ ಯಾವ ಏರಿಯಾ ಅಂತ ಕೇಳಿ, ಆ ಏರಿಯಾದ ಕಾರ್ಮಿಕ ನಿರೀಕ್ಷಕರ ಹತ್ರ ಹೋಗಿ ಅಂದ್ರು. ಮನೆ ಇರೋ ಏರಿಯಾ ಅಲ್ಲ, ಏಜೆನ್ಸಿ ಆಫೀಸ್ ಇರೋದೂ ಅಲ್ಲ, ಕೆಲ್ಸ ಮಾಡಿದ ಜಾಗ.

ಇಲ್ಲೊಂದು ಗೊಂದಲ ಎಲ್ರಿಗೂ ಆಗುತ್ತೆ. ನಿರೀಕ್ಷಕರಿಗೆ ಕೊಡೋ ದೂರು ಬೇರೆ, ಕ್ಲೇಮ್ ಅರ್ಜಿ ಬೇರೆ. ನಿರೀಕ್ಷಕರು ತಪಾಸಣೆ ಮಾಡ್ತಾರೆ, ರಿಜಿಸ್ಟರ್ ತರಿಸ್ತಾರೆ, ನೋಟಿಸ್ ಕೊಡ್ತಾರೆ, ಮಾಲೀಕನ ಮೇಲೆ ಕೇಸೂ ಹಾಕ್ಬೋದು, ಆದ್ರೆ "ಇವನಿಗೆ ಇಷ್ಟು ಬಾಕಿ ಕೊಡು" ಅಂತ ಆದೇಶ ಮಾಡೋ ಅಧಿಕಾರ ಅವರಿಗಿಲ್ಲ. ದುಡ್ಡು ಕೊಡಿಸೋದು ಪ್ರಾಧಿಕಾರ, ಆಗ ಅದು 1948ರ ಕಾಯ್ದೆಯ 20ನೇ ಕಲಂ ಕೆಳಗೆ ನೇಮಕ ಆಗಿದ್ದು, ನಮ್ಮ ಕೇಸಲ್ಲಿ ಅದು ಕಾರ್ಮಿಕ ಇಲಾಖೆ ಅಧಿಕಾರಿನೇ, ಕೋರ್ಟ್ ಥರಾನೇ ವಿಚಾರಣೆ ನಡೆಯುತ್ತೆ. ಬರೀ ದೂರು ಕೊಟ್ಟು ಕಾಯ್ತಾ ಕೂತ್ರೆ ಕ್ಲೇಮ್ ಹಾಕೋ ಟೈಮ್ ಮುಗ್ದು ಹೋಗುತ್ತೆ, ಹಳೇ ಕಾಯ್ದೇಲಿ ಆ ಟೈಮು ಆರೇ ತಿಂಗಳು.

ನಿರೀಕ್ಷಕರು ನೋಟಿಸ್ ಕೊಟ್ರು, ಏಜೆನ್ಸಿ ಕಡೆಯಿಂದ ಒಬ್ಬ ಹುಡುಗ ಹೊಸಾ ರಟ್ಟಿನ ಮಸ್ಟರ್ ರೋಲ್ ತಂದ. ಏನ್ ನೀಟು ಅಂತೀರ. ಎರಡು ವರ್ಷದ ಹಾಜರಿ, ಒಂದೇ ಪೆನ್ನು, ಒಂದೇ ಕೈಬರಹ, ಒಂದೂ ಟೀ ಕಲೆ ಇಲ್ಲ. ಗೇಟ್ ಹತ್ರ ಇರೋ ಪುಸ್ತಕ ಹೆಂಗಿರುತ್ತೆ ಅಂತ ಗಾರ್ಡ್ ಆಗಿದ್ದೋರಿಗೆ ಗೊತ್ತು! ನಾನು ಎಲ್ಲೇ ಆಗ್ಲಿ ಸೈನ್ ಮಾಡೋದು ಕನ್ನಡದಲ್ಲಿ, ಬ್ಯಾಂಕಲ್ಲೂ ಅದೇ ಇರೋದು, ಆ ಪುಸ್ತಕದಲ್ಲಿ ನನ್ನ ಹೆಸ್ರ ಮುಂದೆ ಇಂಗ್ಲಿಷಲ್ಲಿ ಗೀಚಿದ ಸೈನು. ನಿರೀಕ್ಷಕರಿಗೆ ತೋರ್ಸ್ದೆ, ಅವರು ತಲೆ ಅಲ್ಲಾಡಿಸಿ "ಇದನ್ನೆಲ್ಲ ಕ್ಲೇಮ್‌ನಲ್ಲಿ ಹೇಳ್ಕೊಳಪ್ಪ, ಬೇಗ ಹಾಕು" ಅಂದ್ರು. ಒಳ್ಳೇ ಮನುಷ್ಯ, ಅಷ್ಟಾದ್ರೂ ಹೇಳಿದ್ರು.

ವಕೀಲ್ರಿಗೆ ಕೊಡಕ್ಕೆ ದುಡ್ಡಿರ್ಲಿಲ್ಲ. ಯೂನಿಯನ್‌ನಲ್ಲಿರೋ ನಮ್ಮೂರಿನ ಒಬ್ಬ ಅಣ್ಣ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು ಅಂದ್ರು. ಕೋರ್ಟ್ ಆವರಣದಲ್ಲೇ ಇರುತ್ತೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರು, ಎಸ್‌ಸಿ ಎಸ್‌ಟಿಯವರು, ಕೈಗಾರಿಕಾ ಕಾರ್ಮಿಕರು ಇವರಿಗೆಲ್ಲ ಆದಾಯ ಎಷ್ಟೇ ಇರ್ಲಿ ಫ್ರೀ ವಕೀಲ್ರು ಕೊಡ್ತಾರೆ, ಬೇರೆಯವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿದ್ರೂ ಹೇಳ್ತಾರೆ. ಅರ್ಜಿ, ಆಧಾರ್, ಆದಾಯದ ಪ್ರಮಾಣಪತ್ರ ಕೊಟ್ಟೆ, ಒಬ್ಬ ಲೇಡಿ ಅಡ್ವೊಕೇಟ್‌ನ ಕೊಟ್ರು. ಫ್ರೀ ವಕೀಲ್ರು ಅಂದ್ರೆ ಕಾಟಾಚಾರಕ್ಕೆ ಮಾಡ್ತಾರೆ ಅಂತ ಹೆದರಿಸಿದ್ರು ಕೆಲವ್ರು, ಮೇಡಂ ಹಂಗಲ್ಲ, ಮೊದಲ್ನೇ ದಿನಾನೇ ಎರಡು ಗಂಟೆ ಕೂರ್ಸಿ ಎಲ್ಲ ಬರ್ಕೊಂಡ್ರು. ಅಂದಹಾಗೆ ವಕೀಲ್ರೇ ಆಗ್ಬೇಕು ಅಂತಿಲ್ಲ, ಕ್ಲೇಮ್‌ನ ನಾವೇ ಹಾಕ್ಬೋದು, ನೋಂದಾಯಿತ ಕಾರ್ಮಿಕ ಸಂಘದವ್ರು ನಮ್ಮ ಪರವಾಗಿ ಹಾಕ್ಬೋದು, ನಿರೀಕ್ಷಕರೂ ಹಾಕ್ಬೋದು. ಒಂದೇ ಕಡೆ ದುಡಿದ ಸುಮಾರು ಜನ ಇದ್ರೆ ಎಲ್ರದ್ದೂ ಸೇರಿಸಿ ಒಂದೇ ಅರ್ಜಿ ಸಾಕು. ನಮ್ಮ ಸೈಟಲ್ಲಿ ಇನ್ನೂ ಮೂವರು ಬರ್ತೀನಿ ಅಂದಿದ್ರು, ಅದ್ರಲ್ಲಿ ಇಬ್ರು ಅಸ್ಸಾಂ ಹುಡುಗರು, ರೂಮೂ ಏಜೆನ್ಸಿದೇ, ರೂಮ್ ಖಾಲಿ ಮಾಡು ಅಂದ್ರೆ ಎಲ್ಲಿಗೆ ಹೋಗೋದು ಪಾಪ, ಹಿಂದೆ ಸರಿದ್ರು. ಮೂರ್ನೇಯವನಿಗೆ ಏಜೆನ್ಸಿಯವ್ರು ಸೂಪರ್‌ವೈಸರ್ ಪೋಸ್ಟ್ ಕೊಟ್ಬಿಟ್ರು. ಹೊಟ್ಟೆಪಾಡು, ಬೇಜಾರಿಲ್ಲ.

ಸಾಕ್ಷಿ ಏನಿದೆ ಅಂದ್ರು ಮೇಡಂ. ನನ್ನ ಹತ್ರ ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲ, ಸ್ಯಾಲರಿ ಸ್ಲಿಪ್ ಇಲ್ಲ, ಇರೋದು ಐಡಿ ಕಾರ್ಡು, ಬ್ಯಾಂಕ್ ಸ್ಟೇಟ್‌ಮೆಂಟು, ಇಎಸ್‌ಐ ಪಿಎಫ್ ಪ್ರಿಂಟು ಅಷ್ಟೇ. ಅವು ತೋರ್ಸೋದೂ ಹನ್ನೆರಡೇ ದಿನ. ಮಾತಾಡ್ತಾ ಮಾತಾಡ್ತಾ ವಾಟ್ಸಾಪ್ ಗ್ರೂಪ್ ವಿಷ್ಯ ಬಂತು. ನಿಮಗೆ ಗೊತ್ತಿರುತ್ತೆ, ಶಿಫ್ಟ್ ಶುರು ಆದ ತಕ್ಷಣ ಟೋಪಿ ಹಾಕ್ಕೊಂಡು ಗೇಟ್ ಮುಂದೆ ಅಟೆನ್ಷನ್‌ನಲ್ಲಿ ನಿಂತು ಸೆಲ್ಫಿ ತೆಗ್ದು ಗ್ರೂಪಿಗೆ ಹಾಕ್ಬೇಕು, ಆ ಜಿಪಿಎಸ್ ಕ್ಯಾಮೆರಾ ಆಪ್‌ನಲ್ಲೇ, ಫೋಟೋ ಕೆಳಗಡೆ ಮ್ಯಾಪು, ಅಡ್ರೆಸ್ಸು, ತಾರೀಕು, ಟೈಮು ಎಲ್ಲಾ ಬಂದಿರುತ್ತೆ. "ಗುಡ್ ಮಾರ್ನಿಂಗ್ ಸರ್, ಮೇನ್ ಗೇಟ್ ಆನ್ ಡ್ಯೂಟಿ ಸರ್." ಶಿಫ್ಟ್ ಮುಗಿಯೋವಾಗ ಇನ್ನೊಂದು. ಮಧ್ಯರಾತ್ರಿ ರೌಂಡ್ಸಿಂದು ಇನ್ನೊಂದು. ಐದು ನಿಮಿಷ ಲೇಟಾದ್ರೆ ಸೂಪರ್‌ವೈಸರ್ ಗ್ರೂಪಲ್ಲೇ ಮರ್ಯಾದೆ ತೆಗೆಯೋನು. ನಮ್ಮನ್ನ ಕಾಯಕ್ಕೆ ಅಂತ ಅವರೇ ಮಾಡಿದ ವ್ಯವಸ್ಥೆ ಅದು, ಮೇಡಂ ಮುಖ ಅರಳ್ತು ಅದನ್ನ ಕೇಳಿ.

ಹಂಗಾಗಿ ಹೇಳೋದು: ಕೆಲ್ಸ ಬಿಟ್ಟ ತಕ್ಷಣ ಗ್ರೂಪಿಂದ ತೆಗೀತಾರೆ, ಅದಕ್ಕೆ ಮುಂಚೆ ಚಾಟ್ ಎಕ್ಸ್‌ಪೋರ್ಟ್ ಮಾಡ್ಕೊಳಿ, ಮೀಡಿಯಾ ಸಮೇತ, ಮೇಲ್‌ಗೆ ಹಾಕ್ಕೊಳಿ. ಗ್ರೂಪ್ ಡಿಲೀಟ್ ಮಾಡ್ಬೇಡಿ, ಫೋನ್ ಮಾರ್ಬೇಡಿ, ಎಕ್ಸ್‌ಚೇಂಜ್‌ಗೂ ಕೊಡ್ಬೇಡಿ ಕೇಸ್ ಮುಗಿಯೋವರ್ಗೂ. ಮೊಬೈಲ್ ಫೋಟೋ ಪ್ರಿಂಟ್ ಹಾಜರು ಮಾಡ್ಬೇಕಾದ್ರೆ ಒಂದು ಪ್ರಮಾಣಪತ್ರ ಬೇಕು, ಮುಂಚೆ 65ಬಿ ಅಂತಿದ್ರು, 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಅಧಿನಿಯಮ ಬಂದ್ಮೇಲೆ ಅದು 63ನೇ ಕಲಂ. ಮೇಡಂ ಮಾಡ್ಕೊಟ್ರು. ಪ್ರಿಂಟಿಗೇ ಸುಮಾರು ಖರ್ಚಾಯ್ತು, ಕಲರ್ ಬೇಡ, ಬ್ಲಾಕ್ ಅಂಡ್ ವೈಟಲ್ಲಿ ಟೈಮ್ ಕಾಣೋ ಹಂಗೆ ಒಂದು ಪೇಜಿಗೆ ನಾಲ್ಕು ಫೋಟೋ ಹಾಕ್ಸಿ, ಎದುರು ಪಾರ್ಟಿಗೂ ಒಂದು ಸೆಟ್ ಕೊಡ್ಬೇಕು ಅನ್ನೋದು ನೆನಪಿರ್ಲಿ.

ಅರ್ಜಿ ಜೊತೆ ವಿಳಂಬ ಮನ್ನಾ ಅರ್ಜಿನೂ ಹಾಕಿದ್ವಿ, ಆರು ತಿಂಗಳಿಗಿಂತ ಹಿಂದಿನ ಬಾಕಿಗೆ. ಕಾರಣ ಏನು ಅಂದ್ರೆ ಇಎಸ್‌ಐ ಆಫೀಸಲ್ಲಿ ತೋರ್ಸೋವರೆಗೂ ನಂಗೆ ದಿನ ಕಮ್ಮಿ ತೋರ್ಸಿದಾರೆ ಅಂತಾನೇ ಗೊತ್ತಿರ್ಲಿಲ್ಲ ಅನ್ನೋದು. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನೂ ಎರಡನೇ ಎದುರುದಾರರಾಗಿ ಸೇರಿಸಿದ್ರು ಮೇಡಂ. ನಂಗೆ ಮನಸ್ಸಿರ್ಲಿಲ್ಲ, ಅಲ್ಲಿನ ಜನ ನಂಗೆ ಕೆಟ್ಟದ್ದು ಮಾಡಿರ್ಲಿಲ್ಲ, ಹಬ್ಬಕ್ಕೆ ಹೋಳಿಗೆ ಕೊಡೋರು. ಆದ್ರೆ ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಪ್ರಕಾರ ಗುತ್ತಿಗೆದಾರ ಸಂಬಳ ಕೊಡದಿದ್ರೆ ಕೆಲ್ಸ ಮಾಡಿಸ್ಕೊಂಡ ಮೂಲ ಮಾಲೀಕರೇ ಕೊಡ್ಬೇಕು, ಆಮೇಲೆ ಗುತ್ತಿಗೆದಾರನ ಬಿಲ್ಲಲ್ಲಿ ಹಿಡ್ಕೊಳ್ಬೋದು. ಹೌಸ್‌ಕೀಪಿಂಗು, ಗಾರ್ಡನ್ನು, ಸೆಕ್ಯೂರಿಟಿ ಸೇರಿ ಅಲ್ಲಿ ಇಪ್ಪತ್ತಕ್ಕೂ ಜಾಸ್ತಿ ಗುತ್ತಿಗೆ ಜನ ಇದ್ರು, ಕಾಯ್ದೆ ಅನ್ವಯ ಆಗುತ್ತೆ ಅಂದ್ರು. ಮುಂದೆ ನೋಡಿದ್ರೆ ಅದೇ ಕೈ ಹಿಡೀತು.

ಆಮೇಲೆ ಶುರುವಾಯ್ತು ವಾಯಿದೆ. ಮೊದಲ್ನೇ ನೋಟಿಸು "ಬಾಗಿಲು ಹಾಕಿದೆ" ಅಂತ ವಾಪಸ್ ಬಂತು, ಏಜೆನ್ಸಿ ಆಫೀಸ್ ಬದಲಾಯ್ಸಿತ್ತು. ಹೊಸ ಅಡ್ರೆಸ್ ಹೆಂಗೆ ಹುಡ್ಕೋದು? ಸೆಕ್ಯೂರಿಟಿ ಏಜೆನ್ಸಿ ನಡ್ಸಕ್ಕೆ 2005ರ ಕಾಯ್ದೆ ಕೆಳಗೆ ಲೈಸೆನ್ಸ್ ಬೇಕು, ಪಸಾರಾ ಲೈಸೆನ್ಸ್ ಅಂತಾರೆ, ಅವರ ಲೆಟರ್‌ಹೆಡ್‌ನಲ್ಲೇ ನಂಬರೂ ಅಡ್ರೆಸ್ಸೂ ಇತ್ತು. ಆ ಲೆಟರ್‌ಹೆಡ್ ಸಿಕ್ಕಿದ್ದು ಅಪಾರ್ಟ್‌ಮೆಂಟ್ ನೋಟಿಸ್ ಬೋರ್ಡಿನ ಫೋಟೋದಲ್ಲಿ. ಇನ್ನೊಂದು ವಿಷ್ಯ, ಕನಿಷ್ಠ ವೇತನ ಕಾಯ್ದೆ ಮುರಿದ್ರೆ ಆ ಲೈಸೆನ್ಸ್ ರದ್ದು ಮಾಡಕ್ಕೂ ಆ ಕಾಯ್ದೇಲಿ ಅವಕಾಶ ಇದೆ. ಇದು ಏಜೆನ್ಸಿಯವ್ರಿಗೆ ಚೆನ್ನಾಗಿ ಗೊತ್ತು, ನಮಗೆ ಗೊತ್ತಿಲ್ಲ ಅಷ್ಟೇ.

ವಾಯಿದೆ ದಿನ ಅಂದ್ರೆ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಕೂರೋದು, ಸಾಹೇಬ್ರು (ವಿಚಾರಣೆ ನಡ್ಸೋ ಪ್ರಾಧಿಕಾರದ ಅಧಿಕಾರಿ) ಮೀಟಿಂಗಲ್ಲಿರ್ತಾರೆ, ಇಲ್ಲ ಎಲೆಕ್ಷನ್ ಡ್ಯೂಟಿ, ಇಲ್ಲ ಎದುರು ವಕೀಲ್ರು ಬಂದಿಲ್ಲ, ಮೂರು ಗಂಟೆಗೆ ಕರೆದು ಮುಂದಿನ ತಾರೀಕು ಕೊಡೋದು. ಅಷ್ಟೊತ್ತಿಗೆ ನಾನು ಒಂದು ಕೊರಿಯರ್ ಗೋಡೌನ್‌ನಲ್ಲಿ ಸೇರ್ಕೊಂಡಿದ್ದೆ, ಹೋದ ದಿನದ ಕೂಲಿ ಹೋಯ್ತು, ಬಸ್ ಚಾರ್ಜು, ಊಟ. ಕೋರ್ಟ್ ಫೀಸು ವಕೀಲ್ರ ಫೀಸು ಇಲ್ದೇ ಇದ್ರೂ ಜೆರಾಕ್ಸು, ಟೈಪಿಂಗು, ನೋಟರಿ, ರಿಜಿಸ್ಟರ್ ಪೋಸ್ಟು ಇವಕ್ಕೆಲ್ಲ ಕೈಯಿಂದ ಹೋಗ್ತಾನೇ ಇರುತ್ತೆ. ನಿಜವಾದ ಖರ್ಚು ಅಂದ್ರೆ ಕಳ್ಕೊಂಡ ದಿನದ ಕೂಲಿನೇ. ಮನೇಲಿ "ಬಿಟ್ಬಿಡ್ರಿ ಆ ದುಡ್ಡು, ನಮ್ ಹಣೇಲಿ ಬರೆದಿಲ್ಲ" ಅಂತ ಹೆಂಡತಿ ಎಷ್ಟ್ಸಲ ಅಂದ್ಳೋ.

ಏಜೆನ್ಸಿ ತಕರಾರು ಹಾಕ್ತು. ಒಂದು, ಇವನು ತಿಂಗಳಿಗೆ ಹನ್ನೆರಡು ಹದಿಮೂರು ದಿನ ಮಾತ್ರ ಬರ್ತಿದ್ದ, ಅಷ್ಟಕ್ಕೆ ಸರಿಯಾದ ಕೂಲಿ ಕೊಟ್ಟಿದೀವಿ. ಎರಡು, ಕೂಲಿ ದರದ ಬಗ್ಗೆ ತಗಾದೆನೇ ಇಲ್ಲ, ಹಂಗಾಗಿ 20ನೇ ಕಲಂ ಬರಲ್ಲ, ಬೇರೆ ಕೋರ್ಟಿಗೆ ಹೋಗ್ಲಿ. ಈ ಎರಡನೇದು ಸುಮ್ನೆ ಹೇಳಿದ್ದಲ್ಲ, 1969ರಲ್ಲಿ ನಮ್ಮ ಬೆಳಗಾವಿ ಕಡೆ ಅಥಣಿ ಪುರಸಭೆ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ದರದ ಬಗ್ಗೆ ಜಗಳ ಇಲ್ದೇ ಬರೀ ಬಾಕಿ ವಸೂಲಿ ಆದ್ರೆ ಈ ಪ್ರಾಧಿಕಾರ ಅಲ್ಲ ಅಂತ. ನಂಗೆ ಎದೆ ಧಸಕ್ ಅಂತು, ಇಷ್ಟು ದಿನ ತಿರುಗಿದ್ದು ನೀರಲ್ಲಿ ಹೋಮ ಆಯ್ತಾ ಅಂತ. ಮೇಡಂ ಅದೇ ತೀರ್ಪನ್ನ ತಿರುಗಿಸಿ ಓದಿದ್ರು: ನಿಗದಿ ದರಕ್ಕಿಂತ ಕಮ್ಮಿ ಕೊಟ್ಟಿದ್ರೆ ಇಲ್ಲಿಗೇ ಬರ್ಬೇಕು ಅಂತಾನೂ ಅದ್ರಲ್ಲೇ ಇದೆ, ಇವರು 12 ಗಂಟೆ ದುಡಿಸಿ ಕೊಟ್ಟಿರೋದು ಯಾವ ದರ ಅನ್ನೋದೇ ಇಲ್ಲಿ ಜಗಳ. ಸಾಹೇಬ್ರು ಒಪ್ಕೊಂಡ್ರು. ಅದಕ್ಕೇ ಅರ್ಜಿ ಬರೆಯೋವಾಗ ಬರೀ "ಓಟಿ ಕೊಟ್ಟಿಲ್ಲ" ಅಂತ ಬರೀಬೇಡಿ, ನಿಗದಿ ದರಕ್ಕಿಂತ ಕಮ್ಮಿ ಕೊಟ್ಟಿದಾರೆ ಅನ್ನೋದು ಸ್ಪಷ್ಟವಾಗಿರ್ಬೇಕು.

ದಾಖಲೆ ಹಾಜರು ಮಾಡಿಸೋ ವಿಷ್ಯದಲ್ಲಿ ಪ್ರಾಧಿಕಾರಕ್ಕೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರ ಇದೆ. ನಾವು ಅರ್ಜಿ ಹಾಕಿ ಅಸೋಸಿಯೇಷನ್‌ನಿಂದ ಏಜೆನ್ಸಿ ಬಿಲ್ಲುಗಳನ್ನ ಕೇಳಿದ್ವಿ. ಖಜಾಂಚಿ ಒಬ್ಬರು, ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ಫೈಲ್ ಎತ್ಕೊಂಡು ತಾವೇ ಬಂದ್ರು. ಬಿಲ್ ನೋಡಿದ್ರೆ ಪ್ರತಿ ಗಾರ್ಡಿಗೆ ಪೂರ್ತಿ ತಿಂಗಳ ಶಿಫ್ಟು, ಮೂಲ ವೇತನ ಇಷ್ಟು, ತುಟ್ಟಿಭತ್ಯೆ ಇಷ್ಟು, ನಾಲ್ಕು ಗಂಟೆ ಓಟಿ ಇಷ್ಟು, ಪಿಎಫ್, ಇಎಸ್‌ಐ, ಬೋನಸ್ಸು, ಯೂನಿಫಾರ್ಮು, ಮೇಲೆ ಸರ್ವಿಸ್ ಚಾರ್ಜು, ಜಿಎಸ್‌ಟಿ. ಅಂದ್ರೆ ನನ್ನ ಓಟಿ ದುಡ್ಡನ್ನ ಆ ಮನೆಗಳೋರು ತಿಂಗಳು ತಿಂಗಳು ಕಟ್ಟಿದಾರೆ, ಅದು ನನ್ನವರೆಗೂ ಬಂದಿಲ್ಲ. ಆ ಯಜಮಾನ್ರು ಬಿಲ್ಲನ್ನೂ ನನ್ನನ್ನೂ ನೋಡಿ "ನಾವು ಕೊಟ್ಟಿದ್ದು ನಿನಗೆ ಹೋಗ್ತಿದೆ ಅಂದ್ಕೊಂಡಿದ್ವಲ್ಲಪ್ಪ" ಅಂದ್ರು. ಅಪಾರ್ಟ್‌ಮೆಂಟ್ ಕಮಿಟೀಲಿ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಬಿಲ್ ಪಾಸ್ ಮಾಡೋ ಮುಂಚೆ ಗಾರ್ಡಿನ ಬ್ಯಾಂಕ್ ಸ್ಟೇಟ್‌ಮೆಂಟೂ ಇಎಸ್‌ಐ ದಿನಗಳೂ ತರಿಸ್ಕೊಂಡು ನೋಡಿ ಸ್ವಾಮಿ, ಆಮೇಲೆ ನಿಮ್ಮ ತಲೆಗೇ ಬರುತ್ತೆ.

ನನ್ನ ಪಾಟೀ ಸವಾಲು ಒಂದು ದಿನ ನಡೀತು. ಕೈ ನಡುಗ್ತಿತ್ತು. ಎದುರು ವಕೀಲ್ರು ಸೆಲ್ಫಿ ತೋರ್ಸಿ "ಫೋಟೋ ತೆಗ್ದು ಮನೆಗೆ ಹೋಗ್ತಿದ್ರಿ ಅಲ್ವಾ" ಅಂತ ಕೇಳಿದ್ರು. "ಹೋಗಿದ್ರೆ ಗೇಟ್ ಯಾರ್ ತೆಗೀತಿದ್ರು ಸಾರ್" ಅಂದೆ, ಅಷ್ಟೇ ಬಂತು ಬಾಯಿಗೆ.

ಆಮೇಲೆ ಏಜೆನ್ಸಿಯವ್ರೇ ಗುಂಡಿ ತೋಡ್ಕೊಂಡ್ರು. ಬಾಕಿ ಲೆಕ್ಕ ದೊಡ್ಡದಾಗ್ತಿದೆ ಅಂತ ಕಮ್ಮಿ ಮಾಡಿಸಕ್ಕೆ, ಕ್ಯಾಶ್ ಕೊಟ್ಟ ವೋಚರ್‌ಗಳನ್ನ ತಂದು ಹಾಕಿದ್ರು, "ಇದನ್ನೂ ಕೊಟ್ಟಿದೀವಿ, ಇನ್ಸೆಂಟಿವ್" ಅಂತ. ವೋಚರಲ್ಲಿ ನಂದೇ ಸೈನು, ಕನ್ನಡದಲ್ಲಿ. ಸಾಹೇಬ್ರು ಎರಡೂ ಪಕ್ಕದಲ್ಲಿಟ್ಕೊಂಡು ನೋಡಿ "ಹನ್ನೆರಡು ದಿನ ಬಂದೋನಿಗೆ ಸಂಬಳದಷ್ಟೇ ಇನ್ಸೆಂಟಿವ್ ಯಾಕ್ರೀ ಕೊಟ್ರಿ? ಪುಸ್ತಕದಲ್ಲಿರೋ ಸೈನು ಯಾರದ್ದು?" ಅಂದ್ರು. ಉತ್ತರ ಇಲ್ಲ. ಕ್ಯಾಶ್ ಕೊಟ್ಟಿಲ್ಲ ಅಂದ್ರೆ ಅರ್ಧ ಸಂಬಳಕ್ಕೆ ದುಡಿಸಿದಂಗೆ, ಕೊಟ್ಟಿದೀವಿ ಅಂದ್ರೆ ಪೂರ್ತಿ ತಿಂಗಳು ದುಡಿಸಿದ್ದನ್ನ ಒಪ್ಕೊಂಡಂಗೆ. ಅವತ್ತು ಸಂಜೆನೇ ಮ್ಯಾನೇಜರ್ ಫೋನು, "ಮೂವತ್ತು ಸಾವಿರ ತಗೋ, ಮುಗಿಸ್ಕೊಳೋಣ". ಆಗಲ್ಲ ಅಂದೆ. ಆಮೇಲೆ ಐವತ್ತಾಯ್ತು. ಎಲ್ಲಾನೂ ಫೋನಲ್ಲಿ ಬೇಡ, ಸಾಹೇಬ್ರ ಮುಂದೆ ಬರವಣಿಗೇಲಿ ಹೇಳ್ಲಿ ಅಂತ ಮೇಡಂ ಹೇಳಿಕೊಟ್ಟಿದ್ರು, ಹಂಗೇ ಹೇಳ್ದೆ, ಫೋನ್ ನಿಂತೋಯ್ತು.

ಇನ್ನೇನು ಆದೇಶ ಆಗುತ್ತೆ ಅನ್ನೋವಾಗ 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ್ವು. ಎದುರು ವಕೀಲ್ರು 1948ರ ಕಾಯ್ದೆನೇ ರದ್ದಾಗಿದೆ, ಈ ಅರ್ಜಿನೂ ಬಿದ್ದೋಯ್ತು ಅಂದ್ರು. ಮತ್ತೆ ನಿದ್ದೆ ಹೋಯ್ತು ನಂದು. ಆದ್ರೆ ರದ್ದಾಗೋ ಮುಂಚೆ ಹುಟ್ಟಿದ ಹಕ್ಕು, ನಡೀತಿರೋ ವಿಚಾರಣೆ ಹಂಗೇ ಮುಂದುವರೀತವೆ ಅಂತ ಆ ಸಂಹಿತೆಗಳಲ್ಲಿ ಒಂದಾದ, 1948ರ ಕಾಯ್ದೆ ಜಾಗಕ್ಕೆ ಬಂದ ವೇತನ ಸಂಹಿತೇಲೇ ಇದೆ, ಸಾಮಾನ್ಯ ಖಂಡಗಳ ಕಾಯ್ದೆ 6ನೇ ಕಲಮ್ಮೂ ಅದನ್ನೇ ಹೇಳುತ್ತೆ. ಒಂದು ವಾಯಿದೆ ಹೋಯ್ತು ಅಷ್ಟೇ.

ಹೊಸದಾಗಿ ಹಾಕೋರಿಗೆ ಸಂಹಿತೇಲಿ ಕೆಲವು ಒಳ್ಳೇವೂ ಇವೆ. ಕ್ಲೇಮ್ ಹಾಕಕ್ಕೆ ಆರು ತಿಂಗಳಲ್ಲ, ಮೂರು ವರ್ಷ. ದುಡ್ಡು ಕೊಟ್ಟಿದೀವಿ ಅಂತ ಸಾಬೀತು ಮಾಡೋ ಹೊರೆ ಮಾಲೀಕನ ಮೇಲೆ. ಕೆಲ್ಸ ಬಿಟ್ರೆ ಅಥವಾ ತೆಗೆದ್ರೆ ಎರಡು ಕೆಲಸದ ದಿನದೊಳಗೆ ಸಂಬಳ ಚುಕ್ತಾ ಮಾಡ್ಬೇಕು. ಹಳೇ ಕಾಯ್ದೇಲಿ ತಪ್ಪಿತಸ್ಥ ಮಾಲೀಕನಿಗೆ ದಂಡ 500 ರೂಪಾಯಿ ಇತ್ತು, ನಗು ಬರುತ್ತೆ, ಈಗ ಮೊದಲ ಸಲಕ್ಕೆ 50,000ವರೆಗೆ.

2026ರ ಶುರುವಲ್ಲಿ ಆದೇಶ ಬಂತು. ವಿಳಂಬ ಪೂರ್ತಿ ಮನ್ನಾ ಆಗ್ಲಿಲ್ಲ, ಕೊನೇ ಒಂದು ವರ್ಷದ್ದು ಮಾತ್ರ ತಗೊಂಡ್ರು, ಅದಕ್ಕಿಂತ ಹಿಂದಿನದ್ದು ಹೋಯ್ತು, ಆ ಹೊಟ್ಟೆಉರಿ ಇನ್ನೂ ಇದೆ. ಕ್ಯಾಶ್ ಕೊಟ್ಟಿದ್ದನ್ನೂ ಸಂಬಳ ಅಂತ ಲೆಕ್ಕಕ್ಕೆ ಹಿಡಿದು, ದರದ ವ್ಯತ್ಯಾಸ, ವಾರದ ರಜೆ ಕೂಲಿ, ಓಟಿ ಎಲ್ಲಾ ಸೇರಿ ಒಂದೂವರೆ ಲಕ್ಷದ ಮೇಲಾಯ್ತು. ಹತ್ತು ಪಟ್ಟು ಪರಿಹಾರ ಸಿಗುತ್ತೆ ಅಂತ ಎಲ್ಲೋ ಓದಿ ನಾನು ಆಕಾಶದಲ್ಲಿದ್ದೆ. ಹತ್ತು ಪಟ್ಟು ಅನ್ನೋದು ಗರಿಷ್ಠ, ಅದೂ ಹಳೇ ಕಾಯ್ದೇಲಿ ದರದ ವ್ಯತ್ಯಾಸಕ್ಕೆ ಮಾತ್ರ. ಓಟಿ ಮತ್ತು ರಜೆ ಕೂಲಿ ಬಾಕಿಗೆ ಪರಿಹಾರ ಎಷ್ಟು ಗೊತ್ತಾ, ಜಾಸ್ತಿ ಅಂದ್ರೆ ಹತ್ತು ರೂಪಾಯಿ. ಹತ್ತು ಪಟ್ಟಲ್ಲ, ಹತ್ತು ರೂಪಾಯಿ! 1948ರಲ್ಲಿ ಬರೆದದ್ದು ಹಂಗೇ ಉಳ್ಕೊಂಡಿತ್ತು. ನನ್ನ ಬಾಕಿ ಜಾಸ್ತಿ ಇದ್ದಿದ್ದೇ ಓಟಿದು. ಹೊಸ ಸಂಹಿತೇಲಿ ಈ ಭೇದ ಇಲ್ಲ, ಒಟ್ಟು ಕ್ಲೇಮ್ ಮೇಲೆ ಹತ್ತು ಪಟ್ಟುವರೆಗೂ ಕೊಡ್ಬೋದು. ನಂಗೆ ದರದ ವ್ಯತ್ಯಾಸಕ್ಕೆ ಅಷ್ಟೇ ಮೊತ್ತದ ಪರಿಹಾರ ಸೇರಿಸಿದ್ರು.

ಆದೇಶ ಆದ್ಮೇಲೆ ದುಡ್ಡು ತಾನಾಗೇ ಬರಲ್ಲ. ಕೊಡದಿದ್ರೆ ಪ್ರಾಧಿಕಾರ ಮ್ಯಾಜಿಸ್ಟ್ರೇಟ್‌ಗೆ ಬರೆದು ದಂಡ ವಸೂಲಿ ಮಾಡೋ ಥರ ವಸೂಲಿ ಮಾಡ್ಬೇಕು, ಅದಕ್ಕೂ ನಾವೇ ಅರ್ಜಿ ಕೊಟ್ಟು ಹಿಂದೆ ಬೀಳ್ಬೇಕು. ಹಳೇ ಕಾಯ್ದೇಲಿ ಅಪೀಲಿಲ್ಲ, ಹೈಕೋರ್ಟಿಗೆ ರಿಟ್ ಹಾಕ್ತೀವಿ ಅಂತ ಹೆದರಿಸಿದ್ರು. ಹಾಕ್ಲಿಲ್ಲ. ಯಾಕಂದ್ರೆ ಆದೇಶದಲ್ಲಿ ಅಸೋಸಿಯೇಷನ್ ಹೆಸ್ರೂ ಇತ್ತು, ಆ ಖಜಾಂಚಿ ಯಜಮಾನ್ರು ಏಜೆನ್ಸಿ ಬಿಲ್ ತಡೆದಿಟ್ಟು "ಅವನ ದುಡ್ಡು ಕೊಟ್ಟು ರಸೀದಿ ತನ್ನಿ, ಆಮೇಲೆ ನಿಮ್ದು" ಅಂದ್ಬಿಟ್ರು. ವಾರದೊಳಗೆ ಡಿಡಿ ಬಂತು.

ಡಿಡಿ ಕೊಡೋ ದಿನ ಏಜೆನ್ಸಿಯವ್ರು ಒಂದು ಟೈಪ್ ಮಾಡಿದ ಕಾಗದ ಮುಂದಿಟ್ರು, ರಸೀದಿ ಸೈನ್ ಹಾಕು ಅಂತ. ಮೇಡಂ ಓದಿದ್ರೆ ಕೊನೇ ಸಾಲಲ್ಲಿ, ಪಿಎಫ್ ಇಎಸ್‌ಐ ಬೋನಸ್ ಸೇರಿ ಇನ್ನು ಯಾವ ಬಾಕಿಯೂ ಇಲ್ಲ, ಯಾವ ಇಲಾಖೆಗೂ ದೂರು ಕೊಡಲ್ಲ ಅಂತ ಇತ್ತು. ಆ ಸಾಲಿನ ಮೇಲೆ ಮೇಡಂ ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ಅವರ ಕೈಲೂ ಸೈನ್ ಹಾಕ್ಸಿ, ಆಮೇಲೆ ನನ್ನ ಕೈಗೆ ಪೆನ್ ಕೊಟ್ರು. ಆದೇಶದ ದೃಢೀಕೃತ ನಕಲು ಮೂರು ತಗೊಂಡಿದೀನಿ. ಒಂದು ಪಿಎಫ್ ಆಫೀಸಿಗೆ, ಒಂದು ಇಎಸ್‌ಐಗೆ, ಒಂದು ನನ್ನ ಹತ್ರ. ಪೂರ್ತಿ ದಿನದ ಲೆಕ್ಕದಲ್ಲಿ ವಂತಿಗೆ ಕಟ್ಟಿಸಿ ಅಂತ ಎರಡೂ ಕಡೆ ಅರ್ಜಿ ಕೊಟ್ಟಿದೀನಿ, ಪಿಎಫ್‌ನೋರು ಏಜೆನ್ಸಿಗೆ ನೋಟಿಸ್ ಕಳ್ಸಿದಾರೆ, ಇಎಸ್‌ಐನೋರು ಆದೇಶದ ಜೊತೆ ತಿಂಗಳುವಾರು ಹಾಜರಿ ಪಟ್ಟಿನೂ ಕೊಡು ಅಂದಿದಾರೆ, ಬರೋ ಸೋಮವಾರ ಆ ಸೆಲ್ಫಿ ಪ್ರಿಂಟ್‌ಗಳ ಇನ್ನೊಂದು ಸೆಟ್ ತಗೊಂಡು ಹೋಗ್ಬೇಕು.